ಹಾಕಿದ ರಸ್ತೆಗೆ ಮೊದಲು ಹಣ ಇಡಿ: ಸ್ಥಳೀಯ ಆಡಳಿತ ನಡೆಸುವವರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ಪಂಚಾಯಿತಿ, ಪುರಸಭೆ, ಪಾಲಿಕೆ, ಕೌಂಟಿ, ಕೌನ್ಸಿಲ್, ಹೆಸರು ಏನೇ ಇರಲಿ, ಊರಿನ ಹಣ ಎಲ್ಲಿಗೆ ಹೋಗಬೇಕು ಅಂತ ಕೈ ಎತ್ತಿ ತೀರ್ಮಾನ ಮಾಡುವ ಎಲ್ಲರಿಗೂ ಈ ಪತ್ರ. ಸದಸ್ಯರಿಗೆ, ಅಧ್ಯಕ್ಷರಿಗೆ, ಎಂಜಿನಿಯರುಗಳಿಗೆ, ಮುಖ್ಯವಾಗಿ ಲೆಕ್ಕಪತ್ರ ನೋಡುವವರಿಗೆ. ನಾನು ಎಂಜಿನಿಯರ್ ಅಲ್ಲ, ವಕೀಲನೂ ಅಲ್ಲ. ದಿನಾ ರಸ್ತೆಯಲ್ಲಿ ಓಡಾಡುವವನು, ತೆರಿಗೆ ಕಟ್ಟುವವನು, ಈ ವಿಷಯವನ್ನು ಒಂದಷ್ಟು ಓದಿಕೊಂಡವನು.

ಗುಂಡಿ ಮುಚ್ಚಿ ಅಂತ ಕೇಳಲು ಬರೆಯುತ್ತಿಲ್ಲ. ಅಂಥ ಅರ್ಜಿಗಳು ನಿಮ್ಮ ಬಳಿ ರಾಶಿ ಬಿದ್ದಿವೆ. ನನ್ನ ಮಾತು ಗುಂಡಿ ಬೀಳುವುದಕ್ಕೂ ಮುಂಚಿನದು. ವರ್ಷದ ಬಜೆಟ್ ಬರೆಯಲು ಕೂತಾಗ, ಈಗಾಗಲೇ ಇರುವ ರಸ್ತೆಗಳ ನಿರ್ವಹಣೆಗೆ ಮೊದಲು ಹಣ ತೆಗೆದಿಡಿ. ಉಳಿದದ್ದರಲ್ಲಿ ಹೊಸ ಕಾಮಗಾರಿ ಮಾಡಿ. ಹೆಚ್ಚಿನ ಕಡೆ ನಡೆಯುವುದು ಇದರ ಉಲ್ಟಾ. ಹೊಸ ರಸ್ತೆ, ಹೊಸ ವೃತ್ತ, ಹೊಸ ಕಟ್ಟಡ ಎಲ್ಲವನ್ನೂ ಬರೆದಾದ ಮೇಲೆ ಏನಾದರೂ ಮಿಕ್ಕಿದರೆ ಅದು ನಿರ್ವಹಣೆಗೆ. ಮಿಗುವುದಿಲ್ಲ ಅಂತ ನಿಮಗೂ ಗೊತ್ತು, ನಮಗೂ ಗೊತ್ತು.

ಯಾಕೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: ಹಣ ಇಲ್ಲ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅದರಲ್ಲಿ ನಿಜವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಪ್ರಶ್ನೆ. ರಸ್ತೆ ನೋಡಿಕೊಳ್ಳುವ ಕೆಲಸ ನಿಮ್ಮ ಕೈಗೆ ಬಂದದ್ದು ಹೇಗೆ?

ಇಂಗ್ಲೆಂಡಿನ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ 1555ರಲ್ಲಿ ಒಂದು ಕಾನೂನು ಬಂತು. ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು, ತನ್ನ ರಸ್ತೆಯನ್ನು ತಾನೇ ರಿಪೇರಿ ಮಾಡಿಕೊಳ್ಳಬೇಕು. ವರ್ಷಕ್ಕೆ 4 ದಿನ ಊರಿನವರು ಸಂಬಳ ಇಲ್ಲದೆ ರಸ್ತೆ ಮೇಲೆ ದುಡಿಯಬೇಕು. 1563ರಲ್ಲಿ ಅದು 6 ದಿನ ಆಯಿತು. ಗಾಡಿ ಇದ್ದವರು ಗಾಡಿ ಕಳಿಸಬೇಕು. ಮೇಲ್ವಿಚಾರಣೆಗೆ ಊರಿನವನೇ ಒಬ್ಬ, ಅವನಿಗೂ ಸಂಬಳ ಇಲ್ಲ. ಸುಮಾರು 280 ವರ್ಷ ಹೀಗೇ ನಡೆಯಿತು. ಕೊನೆಗೆ 1835ರ ಹೆದ್ದಾರಿ ಕಾಯ್ದೆ ಈ ಬಿಟ್ಟಿ ದುಡಿಮೆಯನ್ನು ತೆಗೆದು, ಆ ಜಾಗದಲ್ಲಿ ತೆರಿಗೆ ತಂದಿತು.

ಇದನ್ನು ಸ್ವಲ್ಪ ನಿಂತು ನೋಡಿ. ಊರಿನವರು ಗುದ್ದಲಿ ಕೆಳಗಿಟ್ಟು ಅದರ ಬದಲಿಗೆ ಹಣ ಕೊಟ್ಟರು. ಗುದ್ದಲಿ ಆಡಳಿತದ ಕೈಗೆ ಬಂತು. ನಾವು ಕೊಡುವ ತೆರಿಗೆಯಲ್ಲಿ ಒಂದು ಭಾಗ ನಾವು ಮಾಡಬೇಕಿದ್ದ ದುಡಿಮೆಯ ಬದಲಿ, ಅಷ್ಟೇ. ಹಾಗಾಗಿ ರಸ್ತೆ ರಿಪೇರಿ ಮಾಡುವುದು ನೀವು ಜನರಿಗೆ ಮಾಡುವ ಉಪಕಾರ ಅಲ್ಲ, ಯಾವುದೋ ಯೋಜನೆಯ ಫಲವೂ ಅಲ್ಲ. ಹಣ ಇಸ್ಕೊಂಡ ಮೇಲೆ ಮಾಡಲೇಬೇಕಾದ ಕೆಲಸ. ಇದನ್ನು ನೆನಪಿಸುವ ಹಾಗೆ 'ಈ ರಸ್ತೆ ಇಂಥವರ ಕೊಡುಗೆ' ಅನ್ನುವ ಫಲಕಗಳನ್ನು ತೆಗೆದರೆ ಒಳ್ಳೆಯದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನು ಹಣ ಇಲ್ಲ ಅನ್ನುವ ಉತ್ತರ. ಇದು ಕೋರ್ಟುಗಳ ಮುಂದೆ ಹಲವು ಸಲ ಹೋಗಿದೆ. ಭಾರತದ ಸುಪ್ರೀಂ ಕೋರ್ಟು 1980ರಲ್ಲಿ ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಕೇಸಿನಲ್ಲಿ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ಅದು ರಸ್ತೆಯ ಕೇಸಲ್ಲ, ತೆರೆದ ಚರಂಡಿ ಮತ್ತು ಶೌಚದ ಕೇಸು. ಒಂದು ವಾರ್ಡಿನ ಜನ ಗಬ್ಬು ತಡೆಯಲಾರದೆ ಮ್ಯಾಜಿಸ್ಟ್ರೇಟರ ಬಳಿ ಹೋಗಿದ್ದರು. ಪುರಸಭೆ ಸುಪ್ರೀಂ ಕೋರ್ಟಿನವರೆಗೂ ಹೋಗಿ ನಮ್ಮ ಬಳಿ ದುಡ್ಡಿಲ್ಲ ಅಂದಿತು. ಕೋರ್ಟು ಒಪ್ಪಲಿಲ್ಲ. ಯಾವ ಕೆಲಸಕ್ಕೆ ನಿಮ್ಮನ್ನು ನೇಮಿಸಿದೆಯೋ ಆ ಕೆಲಸದಿಂದಲೇ ಹಣದ ಕಾರಣ ಹೇಳಿ ತಪ್ಪಿಸಿಕೊಳ್ಳಲು ಆಗದು ಅನ್ನುವುದು ಆ ತೀರ್ಪಿನ ತಿರುಳು.

ರಸ್ತೆಯದ್ದೇ ಕೇಸು ಬೇಕು ಅಂದರೆ ಇಂಗ್ಲೆಂಡಿನ ಯಾರ್ಕ್ ನಗರದ್ದಿದೆ. ಅಲ್ಲಿನ ಹೆದ್ದಾರಿ ಕಾಯ್ದೆ 1980ರದ್ದು. ಅದರ 41ನೇ ಕಲಂ ರಸ್ತೆಯನ್ನು ಸುಸ್ಥಿತಿಯಲ್ಲಿ ಇಡುವ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹಾಕುತ್ತದೆ. 58ನೇ ಕಲಂ ಒಂದು ರಕ್ಷಣೆಯನ್ನೂ ಕೊಡುತ್ತದೆ. ತಕ್ಕಮಟ್ಟಿಗೆ ಎಲ್ಲ ಎಚ್ಚರಿಕೆ ತೆಗೆದುಕೊಂಡಿದ್ದೆವು ಅಂತ ತೋರಿಸಿದರೆ ಪರಿಹಾರ ಕೊಡಬೇಕಿಲ್ಲ. ಸೈಕಲ್ ಓಡಿಸುತ್ತಿದ್ದ ಒಬ್ಬರು ಗುಂಡಿಗೆ ಬಿದ್ದು ಗಾಯ ಮಾಡಿಕೊಂಡರು. ನಗರಾಡಳಿತ ಆ ರಸ್ತೆಯನ್ನು ಪರಿಶೀಲಿಸುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ. ಮಾರ್ಗಸೂಚಿ ಅದಕ್ಕಿಂತ ಜಾಸ್ತಿ ಸಲ ನೋಡಬೇಕು ಅನ್ನುತ್ತಿತ್ತು. ಜನ ಸಾಲದು, ಹಣ ಸಾಲದು ಅಂತ ಆಡಳಿತ ಹೇಳಿತು. 2011ರಲ್ಲಿ ಅಪೀಲು ಕೋರ್ಟು ಹೇಳಿದ್ದು ಇಷ್ಟು: ಈ ರಕ್ಷಣೆಯನ್ನು ಕೇಳುವಾಗ ಹಣದ ಕೊರತೆ ಲೆಕ್ಕಕ್ಕೆ ಬರುವುದಿಲ್ಲ. ಆ ರಸ್ತೆಗೆ, ಆ ಓಡಾಟಕ್ಕೆ ಎಷ್ಟು ಎಚ್ಚರಿಕೆ ಬೇಕಿತ್ತು ಅನ್ನುವುದೇ ಪ್ರಶ್ನೆ.

ಕಾನೂನು ಒಂದು ಕಡೆ ಇರಲಿ. ನನ್ನ ನಿಜವಾದ ವಾದ ಲೆಕ್ಕದ್ದು. ರಸ್ತೆ ಸಾಯುವ ರೀತಿ ಗೊತ್ತಾದರೆ, ಹಣ ಇಲ್ಲದಿರುವ ಆಡಳಿತವೇ ಎಲ್ಲರಿಗಿಂತ ಮೊದಲು ನಿರ್ವಹಣೆಗೆ ಹಣ ಇಡಬೇಕು ಅಂತ ತಾನಾಗಿಯೇ ಅರ್ಥವಾಗುತ್ತದೆ.

ಡಾಂಬರು ರಸ್ತೆ ನೋಡಲು ಗಟ್ಟಿ, ಆದರೆ ಭಾರ ಹೊರುವುದು ಅದರ ಮೇಲ್ಪದರ ಮಾತ್ರ ಅಲ್ಲ. ಕೆಳಗಿನ ಜಲ್ಲಿ, ಅದರ ಕೆಳಗಿನ ಮಣ್ಣು, ಇವೂ ಹೊರಬೇಕು. ಬಿಸಿಲು, ಗಾಳಿಗೆ ಡಾಂಬರು ವರ್ಷ ಕಳೆದಂತೆ ಒಣಗಿ ಪೆಡಸಾಗುತ್ತದೆ. ಬಗ್ಗುವ ಗುಣ ಹೋದ ಮೇಲೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಲ್ಲಿ ನೀರು ಇಳಿಯುತ್ತದೆ. ಮೇಲೆ ಚಕ್ರ ಹೋದಾಗಲೆಲ್ಲ ಒಳಗಿನ ನೀರು ಒತ್ತಡಕ್ಕೆ ಸಿಕ್ಕಿ, ಜಲ್ಲಿಯ ಸಂದಿನ ನುಣ್ಣನೆ ಪುಡಿಯನ್ನು ಹೊತ್ತು ಮೇಲಕ್ಕೆ ಚಿಮ್ಮುತ್ತದೆ. ಹಾಗೆ ಒಳಗೆ ಟೊಳ್ಳಾಗುತ್ತದೆ. ಚಳಿ ದೇಶಗಳಲ್ಲಿ ಆ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಕರಗಿದಾಗ ಇನ್ನಷ್ಟು ಜಾಗ ಬಿಡುತ್ತದೆ. ಒಂದು ದಿನ ಮೇಲ್ಪದರ ಕುಸಿಯುತ್ತದೆ. ನಮ್ಮ ಕಣ್ಣಿಗೆ ಗುಂಡಿ ಬೀಳುವುದು ಆವತ್ತು, ರಸ್ತೆಗೆ ಕಾಯಿಲೆ ಶುರುವಾದದ್ದು ವರ್ಷಗಳ ಹಿಂದೆ.

ಜಾನ್ ಲೌಡನ್ ಮೆಕಾಡಮ್ ಅನ್ನುವವರು 1816ರಲ್ಲಿ ಬ್ರಿಸ್ಟಲ್ ಸುತ್ತಿನ ರಸ್ತೆಗಳ ಹೊಣೆ ಹೊತ್ತರು. ಜಲ್ಲಿ ರಸ್ತೆಗೆ ಜಗತ್ತಿನಲ್ಲೆಲ್ಲ ಅವರ ಹೆಸರೇ ಬಂತು. ಅವರು ಆಗಲೇ ಹೇಳಿದ್ದು ಇದನ್ನೇ. ಭಾರ ಹೊರುವುದು ನೆಲ. ನೆಲ ಒಣಗಿರುವಷ್ಟು ಕಾಲ ಎಷ್ಟು ಭಾರ ಬೇಕಾದರೂ ಹೊರುತ್ತದೆ. ರಸ್ತೆ ಮಾಡುವವನ ಕೆಲಸ ನೆಲಕ್ಕೆ ನೀರು ಇಳಿಯದಂತೆ ನೋಡಿಕೊಳ್ಳುವುದು. ಇನ್ನೂರು ವರ್ಷ ಆಯಿತು. ಈಗಲೂ ರಸ್ತೆಯ ಪಕ್ಕದ ಚರಂಡಿಯ ಹೂಳು ತೆಗೆಯುವುದನ್ನು ರಸ್ತೆ ಕೆಲಸ ಅಂತ ಎಷ್ಟು ಆಡಳಿತಗಳು ಲೆಕ್ಕಕ್ಕೆ ಹಿಡಿಯುತ್ತವೆ, ಹೇಳಿ?

ಬಿರುಕು ಇದ್ದಾಗಲೇ ಡಾಂಬರು ಸುರಿದು ಮುಚ್ಚುವುದು, ಕೆಲವು ವರ್ಷಕ್ಕೊಮ್ಮೆ ತೆಳ್ಳಗೆ ಡಾಂಬರು ಬಳಿದು ಮೇಲೆ ಸಣ್ಣ ಜಲ್ಲಿ ಹಾಸುವುದು, ಮಳೆಗಾಲಕ್ಕೆ ಮುಂಚೆ ಮೋರಿ ಬಿಡಿಸುವುದು, ರಸ್ತೆ ಅಂಚಿನಲ್ಲಿ ನೀರು ನಿಲ್ಲದ ಹಾಗೆ ಮಣ್ಣು ಸರಿ ಮಾಡುವುದು. ಕೆಲಸ ಇಷ್ಟೇ. ಇದನ್ನು ಬಿಟ್ಟರೆ ಆಗುವ ಖರ್ಚನ್ನು ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ರಸ್ತೆ ಸಂಸ್ಥೆ ಲೆಕ್ಕ ಹಾಕಿದೆ. 3 ವರ್ಷ ಕಡೆಗಣಿಸಿದರೆ ರಿಪೇರಿ ಖರ್ಚು ನಿರ್ವಹಣೆ ಖರ್ಚಿನ 6 ಪಟ್ಟು. 5 ವರ್ಷ ಕಡೆಗಣಿಸಿದರೆ 18 ಪಟ್ಟು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಳ್ಳೋದು ಅಂತಾರಲ್ಲ, ಅದರ ಲೆಕ್ಕ ಇದು. ವಿಶ್ವಬ್ಯಾಂಕ್ 1988ರಲ್ಲಿ 85 ದೇಶಗಳ ರಸ್ತೆಗಳನ್ನು ನೋಡಿ ಒಂದು ಅಧ್ಯಯನ ಮಾಡಿತು. ಹಾಳಾದ ರಸ್ತೆಗಳನ್ನು ಮತ್ತೆ ಕಟ್ಟಲು 4,000ದಿಂದ 4,500 ಕೋಟಿ ಡಾಲರ್ ಬೇಕಿತ್ತು. ಸಮಯಕ್ಕೆ ಸರಿಯಾಗಿ ನಿರ್ವಹಣೆ ಮಾಡಿದ್ದರೆ 1,200 ಕೋಟಿ ಡಾಲರ್ ಒಳಗೆ ಆಗುತ್ತಿತ್ತು. ಇವೆಲ್ಲ ಕೈಯಲ್ಲಿ ಹಣ ಇಲ್ಲದ ದೇಶಗಳು. ಹಣ ಇಲ್ಲ ಅಂತ ಉಳಿಸಲು ಹೋಗಿ ಮೂರು ನಾಲ್ಕು ಪಟ್ಟು ಕಳೆದುಕೊಂಡವು.

ಶ್ರೀಮಂತ ದೇಶದಲ್ಲಿ ಹೀಗಾಗುವುದಿಲ್ಲ ಅಂದುಕೊಳ್ಳಬೇಡಿ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಫರ್ನ್ ಹಾಲೋ ಅಂತ ಒಂದು ಸೇತುವೆ ಇತ್ತು. ನಗರಾಡಳಿತದ್ದೇ ಸೇತುವೆ. 2022ರ ಜನವರಿ 28ರ ಬೆಳಗ್ಗೆ ಅದು ಕುಸಿದು ಕಣಿವೆಗೆ ಬಿತ್ತು. ಆಗ ಮೇಲೆ ಒಂದು ಬಸ್ಸು, ಕೆಲವು ಕಾರುಗಳು ಇದ್ದವು. ಗಾಯಗಳಾದವು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿ ಎರಡು ವರ್ಷ ತನಿಖೆ ಮಾಡಿ ಕಂಡುಕೊಂಡದ್ದು ಓದಿದರೆ ಹೊಟ್ಟೆ ಉರಿಯುತ್ತದೆ. ಸೇತುವೆ ಮೇಲಿನ ನೀರು ಹೋಗುವ ದಾರಿಗಳು ಕಸ ಕಟ್ಟಿಕೊಂಡಿದ್ದವು. ನೀರು ಉಕ್ಕಿನ ಕಾಲುಗಳ ಮೇಲೆ ಹರಿದು ತುಕ್ಕು ತಿಂದಿತ್ತು. 2011ರಿಂದಲೂ ಸೇತುವೆಗೆ 'ಕಳಪೆ' ಅನ್ನುವ ದರ್ಜೆ ಇತ್ತು. ಪರಿಶೀಲನೆ ಮಾಡಿದವರು ವರದಿ ಮೇಲೆ ವರದಿ ಬರೆದರು. ಕಸ ತೆಗೆಯಿರಿ, ತುಕ್ಕು ನೋಡಿ. ನಗರಾಡಳಿತ ಅದರ ಮೇಲೆ ಕ್ರಮ ತೆಗೆದುಕೊಳ್ಳಲಿಲ್ಲ, ಕುಸಿತಕ್ಕೆ ಅದೇ ಕಾರಣ ಅಂತ ಮಂಡಳಿ ನೇರವಾಗಿ ಹೇಳಿತು.

ಆಮೇಲೆ ಏನಾಯಿತು ಗೊತ್ತಾ? ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊಸ ಸೇತುವೆ ಓಡಾಟಕ್ಕೆ ಸಿಕ್ಕಿತು. ಸುಮಾರು 2.5 ಕೋಟಿ ಡಾಲರ್, ಕೇಂದ್ರ ಸರ್ಕಾರದ ಹಣ. ವರ್ಷಗಟ್ಟಲೆ ಕಸ ಗುಡಿಸಲು, ಬಣ್ಣ ಬಳಿಯಲು ಆಗದ್ದು, ಬಿದ್ದ ಮೇಲೆ 11 ತಿಂಗಳಲ್ಲಿ ಪೂರ್ತಿ ಹೊಸದಾಗಿ ಕಟ್ಟಲು ಆಯಿತು.

ರೋಗ ಇರುವುದು ಇಲ್ಲೇ ಅಂತ ನನ್ನ ನಂಬಿಕೆ. ಹಣ ಇರುತ್ತದೆ, ಆದರೆ ಅದು ಬರುವ ಬಾಗಿಲು ಬೇರೆ. ಮೇಲಿನ ಸರ್ಕಾರಗಳ ಅನುದಾನ ಬಹಳ ಸಲ 'ಹೊಸ ಕಾಮಗಾರಿ' ಅನ್ನುವ ಶೀರ್ಷಿಕೆಯಲ್ಲಿ ಬರುತ್ತದೆ. ಹೊಸದಕ್ಕೆ ಅಡಿಗಲ್ಲು ಇದೆ, ಉದ್ಘಾಟನೆ ಇದೆ, ಫೋಟೋ ಇದೆ. ಬಿರುಕು ಮುಚ್ಚಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಚೆನ್ನಾಗಿ ನಡೆದ ನಿರ್ವಹಣೆ ಕಣ್ಣಿಗೇ ಕಾಣುವುದಿಲ್ಲ, ಏನೂ ಆಗಲಿಲ್ಲ ಅನ್ನುವುದೇ ಅದರ ಫಲ. ಐದು ವರ್ಷಕ್ಕೊಮ್ಮೆ ಜನರ ಮುಂದೆ ಹೋಗಬೇಕಾದ ನಿಮಗೆ ಅದು ಕಷ್ಟ ಅಂತ ನನಗೆ ಅರ್ಥವಾಗುತ್ತದೆ. ಇದರಲ್ಲಿ ನಮ್ಮ ತಪ್ಪೂ ಇದೆ. ನಾವೂ ಹೊಸ ರಸ್ತೆಗೆ ಚಪ್ಪಾಳೆ ತಟ್ಟಿದೆವು, ಹಳೆಯದರ ಲೆಕ್ಕ ಕೇಳಲಿಲ್ಲ.

ಈಗ ನಿಮ್ಮ ಪರವಾಗಿ ಹೇಳಬೇಕಾದ್ದು. ಹೊಣೆ ನಿಮಗೆ ಕೊಟ್ಟು ಹಣ ಕೊಡದಿರುವ ಚಾಳಿ ಮೇಲಿನ ಸರ್ಕಾರಗಳಿಗೆ ಎಲ್ಲ ದೇಶದಲ್ಲೂ ಇದೆ. ಭಾರತದಲ್ಲಿ 1992ರ 73 ಮತ್ತು 74ನೇ ತಿದ್ದುಪಡಿಗಳು ಸಂವಿಧಾನಕ್ಕೆ 11 ಮತ್ತು 12ನೇ ಅನುಸೂಚಿಗಳನ್ನು, ಅಂದರೆ ಪಂಚಾಯಿತಿಗಳಿಗೆ ಮತ್ತು ನಗರಾಡಳಿತಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಗಳನ್ನು, ಸೇರಿಸಿದವು. ರಸ್ತೆ, ಸೇತುವೆ ಎರಡರಲ್ಲೂ ಇವೆ, ಒಂದು ಕಡೆ 13ನೇ ಸಾಲು, ಇನ್ನೊಂದು ಕಡೆ 4ನೇ ಸಾಲು. ಆದರೆ ಎಷ್ಟು ಅಧಿಕಾರ, ಎಷ್ಟು ಹಣ ಅನ್ನುವುದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟರು. ಜಪಾನಿನಲ್ಲಿ 2012ರಲ್ಲಿ ಸಸಾಗೊ ಸುರಂಗದ ಚಾವಣಿ ಬಿದ್ದು 9 ಜನ ಸತ್ತರು. ಆಮೇಲೆ 2014ರಲ್ಲಿ ದೇಶದ ಪ್ರತಿ ಸೇತುವೆ, ಸುರಂಗವನ್ನು 5 ವರ್ಷಕ್ಕೊಮ್ಮೆ ಹತ್ತಿರ ಹೋಗಿ ಕಣ್ಣಾರೆ ನೋಡಬೇಕು ಅಂತ ನಿಯಮ ಮಾಡಿದರು. ಒಳ್ಳೆಯ ನಿಯಮ. ಆದರೆ ಅಲ್ಲಿನ ಬಹುಪಾಲು ಸೇತುವೆಗಳು ಸ್ಥಳೀಯ ಆಡಳಿತದವು, ಎಷ್ಟೋ ಸಣ್ಣ ಊರುಗಳಲ್ಲಿ ನೋಡಲು ಒಬ್ಬ ಎಂಜಿನಿಯರ್ ಕೂಡ ಇರಲಿಲ್ಲ. ಅಕ್ಕಪಕ್ಕದ ಊರುಗಳು, ಜಿಲ್ಲೆಯವರು ಒಟ್ಟಾಗಿ ಕೂತು ಕೆಲಸ ಹಂಚಿಕೊಳ್ಳುವ ಸಭೆಗಳನ್ನು ಶುರು ಮಾಡಬೇಕಾಯಿತು. ನಿಮ್ಮಲ್ಲೂ ಇದು ಆಗಬಹುದು, ಅಲ್ವಾ? ಹತ್ತು ಸಣ್ಣ ಆಡಳಿತಗಳು ಸೇರಿ ಒಬ್ಬ ಎಂಜಿನಿಯರ್, ಒಂದು ಬಿರುಕು ಮುಚ್ಚುವ ಯಂತ್ರ ಇಟ್ಟುಕೊಳ್ಳುವುದು ಕೈಗೆ ಎಟುಕದ ಮಾತೇನಲ್ಲ.

ಬ್ರಿಟನ್ನಿನಲ್ಲಿ ಡಾಂಬರು ಉದ್ಯಮದವರು ಪ್ರತಿ ವರ್ಷ ಒಂದು ಸಮೀಕ್ಷೆ ಮಾಡುತ್ತಾರೆ. ಡಾಂಬರು ಮಾರುವವರ ಲೆಕ್ಕ ಅನ್ನುವುದನ್ನು ನೆನಪಲ್ಲಿ ಇಟ್ಟುಕೊಂಡೇ ಓದಬೇಕು, ಆದರೂ ಅಂಕಿಗಳು ಸ್ಥಳೀಯ ಆಡಳಿತಗಳೇ ಕೊಟ್ಟವು. 2025ರ ಸಮೀಕ್ಷೆ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ಥಳೀಯ ರಸ್ತೆಗಳ ಬಾಕಿ ಬಿದ್ದ ಕೆಲಸಕ್ಕೆ ಸುಮಾರು 1,681 ಕೋಟಿ ಪೌಂಡ್ ಬೇಕಿತ್ತು. ಆಗಿನ ವೇಗದಲ್ಲಿ ಒಂದು ರಸ್ತೆಗೆ ಹೊಸ ಮೇಲ್ಪದರ ಬರುವ ಸರದಿ ಸರಾಸರಿ 93 ವರ್ಷಕ್ಕೊಮ್ಮೆ. ಆವತ್ತು ಮೇಲ್ಪದರ ಕಂಡ ಮಗು ಮುದುಕನಾದರೂ ಎರಡನೆಯದನ್ನು ನೋಡುವುದು ಅನುಮಾನ. ಇದು ಒಂದು ಆಡಳಿತ ತಾನೇ ತೆರಿಗೆ ಎತ್ತಿ ತೀರಿಸುವ ಬಾಕಿ ಅಲ್ಲ, ಒಪ್ಪುತ್ತೇನೆ.

ಹಾಗಾದರೆ ಕೇಳಬೇಕಾದವರನ್ನು ಕೇಳಿ. ನ್ಯೂಜಿಲೆಂಡಿನಲ್ಲಿ ಸ್ಥಳೀಯ ರಸ್ತೆಗಳ ಖರ್ಚನ್ನು ಕೌನ್ಸಿಲ್ ಮತ್ತು ರಾಷ್ಟ್ರೀಯ ನಿಧಿ ಹಂಚಿಕೊಳ್ಳುತ್ತವೆ. ಸರಾಸರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನಿಧಿಯದ್ದು. ನಿರ್ವಹಣೆಗೂ ಹಣ ಸಿಗುತ್ತದೆ, ಹೊಸದಕ್ಕೆ ಮಾತ್ರ ಅಲ್ಲ. ಆ ನಿಧಿಗೆ ಹಣ ಬರುವುದು ಮುಖ್ಯವಾಗಿ ಪೆಟ್ರೋಲ್ ಮೇಲಿನ ತೆರಿಗೆಯಿಂದ ಮತ್ತು ಡೀಸೆಲ್ ವಾಹನಗಳು, ಭಾರಿ ವಾಹನಗಳು ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಕಟ್ಟುವ ಶುಲ್ಕದಿಂದ. ಭಾರಿ ವಾಹನದ ಮಾತು ಬಂದದ್ದಕ್ಕೆ ಒಂದು ವಿಷಯ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆ ಹಾಕಿ ಅದರ ಮೇಲೆ ಲಾರಿಗಳನ್ನು ಹಗಲು ರಾತ್ರಿ ಓಡಿಸಿದರು. ಆ ಪರೀಕ್ಷೆಯಿಂದ ಬಂದ ಅಂದಾಜಿನ ಪ್ರಕಾರ ಆಕ್ಸಲ್ ಮೇಲಿನ ಭಾರ 2 ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು 16 ಪಟ್ಟು. ಅಂದರೆ ಜಾಸ್ತಿ ಲೋಡು ಹಾಕಿಕೊಂಡು ಊರೊಳಗಿನ ತೆಳು ರಸ್ತೆಗೆ ನುಗ್ಗುವ ಒಂದು ಲಾರಿ, ಸಾವಿರಾರು ಕಾರುಗಳು ಓಡಾಡಿದರೂ ಆಗದ ಹಾನಿಯನ್ನು ಮಾಡಿ ಹೋಗುತ್ತದೆ. ಲೋಡು ತೂಗುವುದು, ದಾರಿ ಬದಲಿಸುವುದು, ದಂಡ ಹಾಕುವುದು, ಇವೂ ರಸ್ತೆ ನಿರ್ವಹಣೆಯೇ. ಕೇಬಲ್ಲು, ನೀರಿನ ಪೈಪು ಹಾಕಲು ರಸ್ತೆ ಅಗೆಯುವವರಿಂದ ವಸೂಲಿ ಮಾಡುವ ಶುಲ್ಕವೂ ಸುಮ್ನೆ ಸಾಮಾನ್ಯ ಖಾತೆಗೆ ಹೋಗಬಾರದು, ಅಗೆದ ರಸ್ತೆಗೇ ವಾಪಸ್ಸು ಬರಬೇಕು.

ಒಂದು ಕಹಿ ಮಾತನ್ನೂ ಹೇಳುತ್ತೇನೆ. ನೋಡಿಕೊಳ್ಳಲು ಆಗದಷ್ಟು ರಸ್ತೆಗೆ ಡಾಂಬರು ಹಾಕಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಅಮೆರಿಕದಲ್ಲಿ 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಕನಿಷ್ಠ 27 ರಾಜ್ಯಗಳಲ್ಲಿ ಡಾಂಬರು ರಸ್ತೆಗಳನ್ನು ಮತ್ತೆ ಜಲ್ಲಿ ರಸ್ತೆ ಮಾಡಿದ್ದಾರೆ. ಓಡಾಟ ತೀರಾ ಕಡಿಮೆ ಇರುವ ಕಡೆ, ಕಿತ್ತುಹೋದ ಡಾಂಬರಿಗಿಂತ ಒಪ್ಪವಾಗಿ ಇಟ್ಟ ಜಲ್ಲಿ ರಸ್ತೆ ಮೇಲು ಅಂತ ಅವರು ಕಂಡುಕೊಂಡರು. ಜನರ ಬಳಿ ಹೀಗೆ ಹೇಳಲು ಧೈರ್ಯ ಬೇಕು. ಆದರೆ ಪ್ರತಿ ಹೊಸ ರಸ್ತೆಯ ಅಂದಾಜುಪಟ್ಟಿಯಲ್ಲಿ ಮುಂದಿನ 20 ವರ್ಷದ ನಿರ್ವಹಣೆ ಖರ್ಚನ್ನೂ ಬರೆದರೆ, ಎಷ್ಟೋ ರಸ್ತೆಗಳನ್ನು ಕೇಳುವ ಮುಂಚೆ ನಾವೇ ಯೋಚನೆ ಮಾಡುತ್ತೇವೆ.

ಇನ್ನೊಂದು, ದಯವಿಟ್ಟು ಕಣ್ಣು ಮುಚ್ಚಿಕೊಳ್ಳಬೇಡಿ. ಗುಂಡಿ ಇದೆ ಅಂತ ಗೊತ್ತಿದ್ದರೆ ತಾನೇ ಹೊಣೆ, ಗೊತ್ತೇ ಇಲ್ಲದಿದ್ದರೆ ಹೊಣೆ ಇಲ್ಲ ಅನ್ನುವ ದಾರಿ ಕೆಲವು ಕಡೆ ಕಾನೂನಿನಲ್ಲೇ ಇದೆ. ನ್ಯೂಯಾರ್ಕ್ ನಗರ ಹಾಗೆ ಮಾಡಿತು. 1980ರಿಂದ ಜಾರಿಗೆ ಬಂದ ನಿಯಮದಂತೆ, ಮುಂಚೆಯೇ ಲಿಖಿತ ದೂರು ಬಂದಿದ್ದರೆ ಮಾತ್ರ ಗುಂಡಿಗೆ ಬಿದ್ದವರಿಗೆ ಪರಿಹಾರ. ಆಗ ಅಲ್ಲಿನ ವಕೀಲರು ಸೇರಿ ಒಂದು ಸಂಸ್ಥೆ ಕಟ್ಟಿದರು. ಬೀದಿ ಬೀದಿಗೆ ಜನರನ್ನು ಕಳಿಸಿ, ಪ್ರತಿ ಬಿರುಕು, ಪ್ರತಿ ಗುಂಡಿಯನ್ನು ನಕ್ಷೆ ಮೇಲೆ ಗುರುತು ಹಾಕಿಸಿ, ಕಟ್ಟು ಕಟ್ಟು ನಕ್ಷೆಗಳನ್ನು ನಗರಾಡಳಿತಕ್ಕೆ ತಲುಪಿಸಿದರು. ನಕ್ಷೆ ಮಾಡುವ ಕೆಲಸ ಆಡಳಿತದ್ದಾಗಬೇಕಿತ್ತು. ಅದಕ್ಕೆ ಬೇಕಾದ್ದು ದೊಡ್ಡ ಹಣವೂ ಅಲ್ಲ.

ಆದ್ದರಿಂದ ಶುರು ಮಾಡುವುದಾದರೆ ಅಲ್ಲಿಂದಲೇ ಶುರು ಮಾಡಿ. ನಿಮ್ಮ ಸುಪರ್ದಿಯಲ್ಲಿ ಇರುವ ಪ್ರತಿ ರಸ್ತೆ, ಮೋರಿ, ಸೇತುವೆಯ ಪಟ್ಟಿ ಮಾಡಿ. ಯಾವಾಗ ಹಾಕಿದ್ದು, ಕೊನೆಯ ಸಲ ಏನು ಕೆಲಸ ಆಯಿತು, ಈಗ ಹೇಗಿದೆ, ಈ ವರ್ಷ ಏನು ಬೇಕು, ಎಷ್ಟು ಬೇಕು. ಅದನ್ನು ಎಲ್ಲರೂ ಓದುವ ಹಾಗೆ ಹೊರಗೆ ಹಾಕಿ. ಬೇಕಾದ ಹಣ ಇಷ್ಟು, ಇಟ್ಟ ಹಣ ಇಷ್ಟು, ಕೊರತೆ ಇಷ್ಟು ಅಂತ ಪಕ್ಕಪಕ್ಕದಲ್ಲಿ ಬರೆಯಿರಿ. ಕೊರತೆ ದೊಡ್ಡದಾಗಿದ್ದರೆ ಮುಚ್ಚಿಡಬೇಡಿ. ಆ ಕಾಗದ ಹಿಡಿದು ಮೇಲಿನವರ ಬಳಿ ಹಣ ಕೇಳಲು ನೀವು ಹೋಗುವಾಗ ನಿಮ್ಮ ಹಿಂದೆ ನಾವೂ ಬರುತ್ತೇವೆ. ತೆರಿಗೆ ಸ್ವಲ್ಪ ಜಾಸ್ತಿ ಮಾಡಬೇಕು ಅಂದರೂ, ಆ ಹಣ ಈ ಪಟ್ಟಿಯ ರಸ್ತೆಗಳಿಗೇ ಹೋಗುತ್ತದೆ ಅಂತ ಬರೆದು ಕೊಟ್ಟರೆ, ನಾನು ಮೊದಲು ಕಟ್ಟುತ್ತೇನೆ.

ಮುಂದಿನ ಬಜೆಟ್ ಸಭೆ ಯಾವತ್ತು ಅಂತ ತಿಳಿಸಿ. ಜನರಿಗೆ ಕೂರಲು ಜಾಗ ಇದ್ದರೆ ನಾನು, ನನ್ನ ಜೊತೆ ಇನ್ನೊಂದಷ್ಟು ಜನ ಬಂದು ಕೂರುತ್ತೇವೆ. ಹೊಸ ಕಾಮಗಾರಿಗಳ ಪಟ್ಟಿ ಓದುವ ಮುಂಚೆ, ಹಳೆಯ ರಸ್ತೆಗಳ ನಿರ್ವಹಣೆಗೆ ಇಟ್ಟ ಮೊತ್ತವನ್ನು ಮೊದಲು ಓದಿ ಹೇಳಿ. ಅದನ್ನು ಬರೆದುಕೊಳ್ಳಲು ಪೆನ್ನು, ಪುಸ್ತಕ ತರುತ್ತೇನೆ.

ಇಂತಿ,
ದಿನಾ ಈ ರಸ್ತೆಯಲ್ಲೇ ಓಡಾಡುವ ಒಬ್ಬ ತೆರಿಗೆದಾರ